ಎತ್ತಿಕೊಳ್ಳುವವರ ಜಾಗ

ನಮ್ಮ ಅಕ್ಕನಿಗೆ ಸಿಟ್ಟು ಬಂದರೆ ಓಣಿಗೇ ಗೊತ್ತಾಗುತ್ತದೆ. ಸಿಟ್ಟು ನನಗೂ ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನದು ಹಾಲು ಉಕ್ಕಿದ ಹಾಗೆ, ಒಂದಿಷ್ಟು ಒಲೆ ಹೊಲಸು ಮಾಡಿ ಇಳಿದು ಹೋಗುತ್ತದೆ. ಅಕ್ಕನದು ಹಾಗಲ್ಲ, ಒಂದು ಕೆಲಸ ಮಾಡಿಸಿಯೇ ಇಳಿಯುತ್ತದೆ. ಅಂಥ ಒಂದು ಸಿಟ್ಟು ಹೋದ ವರ್ಷ ನಮ್ಮ ಮನೆಯಲ್ಲಿ ಮಾಡಿದ ಕೆಲಸದ ವಿಷಯ ಇದು.

ನಾನು ವಾಡಿಯವಳು. ಅಂದರೆ ಭಂಕೂರಿನಲ್ಲಿ ಹುಟ್ಟಿ, ಮದುವೆಯಾಗಿ ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದು, ಮಕ್ಕಳನ್ನು ಅಲ್ಲೇ ಬೆಳೆಸಿ, ಯಜಮಾನರು ರಿಟೈರ್ ಆದ ಮೇಲೆ ಅಲ್ಲೇ ಒಂದು ಸಣ್ಣ ಮನೆ ಕಟ್ಟಿಕೊಂಡವಳು. ಮಕ್ಕಳು ತಮ್ಮ ತಮ್ಮ ಸಂಸಾರ ಹಿಡಿದ ಮೇಲೆ ಮಾತಾಡಲು ಜನ ಸಾಲದೆ ನಮ್ಮ ಕಡೆಯ ಸಮುದಾಯ ರೇಡಿಯೊ ಸೇರಿಕೊಂಡೆ. ಯಜಮಾನರು ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ. "ನಾ ಒಬ್ನೇ ಕೇಳಿ ಕೇಳಿ ಸಾಕಾಗಿದ್ದೆ, ಈಗ ಊರಿಗೆಲ್ಲಾ ಹಂಚಿಬಿಟ್ಟೀನಿ" ಎನ್ನುತ್ತಾರೆ, ಬಂದವರ ಮುಂದೆಯೇ. ಹೇಳಿಕೊಳ್ಳಲಿ ಬಿಡಿ, ಚಹಾ ಮಾಡುವವಳು ನಾನೇ ಅಲ್ಲವೇ.

ನಮ್ಮ ರೇಡಿಯೊ ಎಂದರೆ ಎರಡು ಕೋಣೆ, ಒಂದು ಕಂಬ. ದನಿ ಶಹಾಬಾದ್ ತನಕ ಚೆನ್ನಾಗಿ ಹೋಗುತ್ತದೆ, ಚಿತ್ತಾಪುರದ ಹಾದಿಯಲ್ಲಿ ಅರ್ಧಕ್ಕೇ ಗೊರಗೊರ ಶುರುವಾಗುತ್ತದೆ. ನನ್ನ ಕೆಲಸ ಹಾಡು, ಕತೆ, ಮಾತು ಹಿಡಿದುಕೊಂಡು ಬರುವುದು. ಬಸ್ಸಿಗೆ ಹೋಗುತ್ತೇನೆ, ಸಿಕ್ಕರೆ ಟಂಟಂ ಆಟೋದಲ್ಲಿ ಹೋಗುತ್ತೇನೆ. ಚಿಂಚೋಳಿ ಕಡೆಯ ತಾಂಡಾದಲ್ಲಿ ಹೆಂಗಸರು ಕುಣಿಯುತ್ತಾ ಹಾಡಿದ್ದನ್ನು ಹಿಡಿದಿದ್ದೇನೆ. ಸೇಡಂನಲ್ಲಿ ಮುದುಕರು ಏಕತಾರಿ ಮೀಟುತ್ತಾ ತತ್ವಪದ ಹಾಡಿದ್ದನ್ನು ಹಿಡಿದಿದ್ದೇನೆ. ವಾಡಿಯ ಬುದ್ಧವಿಹಾರದಲ್ಲಿ ಭಾನುವಾರ ಕೂಡುವ ಹೆಣ್ಣುಮಕ್ಕಳು ತಾವೇ ಕಟ್ಟಿದ ಪದ ಹಾಡುತ್ತಾರೆ, ಓದಿದ ಮಗಳ ಮೇಲೆ, ಸೆರೆ ಕುಡಿಯುವುದು ಬಿಟ್ಟ ಗಂಡನ ಮೇಲೆ. ಅದು ರೇಡಿಯೊದಲ್ಲಿ ಹೋದ ದಿನ ಫೋನು ಸುಮ್ಮನಿರುವುದಿಲ್ಲ. ಕೋಡ್ಲಾದಲ್ಲಿ ಒಬ್ಬ ಅಜ್ಜಿ ಫ್ಯಾಕ್ಟರಿ ಬರುವ ಮುಂಚೆ ಆ ನೆಲದಲ್ಲಿ ಯಾವ ಯಾವ ಬೆಳೆ ಇತ್ತೆಂದು ಹಾಡಿನಲ್ಲೇ ಹೇಳಿದಳು, ನಡುವೆ ಎರಡು ಸಲ ನನ್ನನ್ನು ಬೈದಳು, ಅದನ್ನೂ ಬಿಡದೆ ಹಾಕಿದೆವು. ಸೇಡಂ, ಚಿಂಚೋಳಿಯವರಿಗೆ ಅವರ ಹಾಡೇ ನಮ್ಮ ರೇಡಿಯೊದಲ್ಲಿ ಕೇಳಿಸುವುದಿಲ್ಲ ಎನ್ನುವುದು ಬೇರೆ ಮಾತು. ಅವರ ಫೋನಿಗೆ ಕಳಿಸುತ್ತೇವೆ.

ಯಂತ್ರ ನೋಡಿಕೊಳ್ಳುವವರು ಒಬ್ಬ ಹಿರಿಯರು. ಆಯುಷ್ಯವೆಲ್ಲ ಸಿಮೆಂಟ್ ಫ್ಯಾಕ್ಟರಿಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ನಾನು ತಂದ ದನಿಯನ್ನು ಕಂಪ್ಯೂಟರಿನಲ್ಲಿ ಹಾಕಿ ಕೆಮ್ಮು, ಗಾಳಿ, ಕೋಳಿ ಕೂಗು ತೆಗೆದು ಅಚ್ಚುಕಟ್ಟು ಮಾಡುವುದು ಅವರ ಕೆಲಸ. ಭಾಳ ಒಳ್ಳೆಯ ಮನುಷ್ಯರು, ಆದರೆ ಒಂದೇ ಒಂದು ಕಾಯಿಲೆ. ಸದ್ದಿಲ್ಲದ ಜಾಗದಲ್ಲಿ ಅವರು ಕುಳಿತುಕೊಳ್ಳಲಾರರು. ಫ್ಯಾಕ್ಟರಿಯಲ್ಲಿ ಸದ್ದು ನಿಂತಿತೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಎಲ್ಲರೂ ಅವರ ಕಡೆಗೇ ಓಡಿ ಬರುತ್ತಿದ್ದರು. ಅದು ಮೈಯಲ್ಲಿ ಹೊಕ್ಕುಬಿಟ್ಟಿದೆ. ಈಗಲೂ ಚಳಿಗಾಲದಲ್ಲಿ ಫ್ಯಾನ್ ಹಾಕಿಕೊಂಡು, ಮೇಲೆ ಎರಡು ಕೌದಿ ಹೊದ್ದು ಮಲಗುತ್ತಾರಂತೆ. ಕಾಕೀ ಹೇಳಿ ಹೇಳಿ ನಗುತ್ತಾರೆ.

ಇನ್ನು ಅಕ್ಕ. ಅಕ್ಕನನ್ನು ಭಂಕೂರಿನಲ್ಲೇ ಕೊಟ್ಟಿದ್ದರು, ತೌರಿನಿಂದ ನಾಲ್ಕು ಮನೆ ಆಚೆಗೆ. ಭಾವನವರಿಗೆ ಒಂದಿಷ್ಟು ಹೊಲ, ಉಳಿದ ಹೊತ್ತು ಹಾಸುಗಲ್ಲಿನ ಗಣಿಯಲ್ಲಿ ಮೇಸ್ತ್ರಿ ಕೆಲಸ. ಆ ಊರಲ್ಲಿ ಯಾವ ಮದುವೆಯೇ ಇರಲಿ, ಅರಿಷಿಣದ ಪದ ಎತ್ತುವವಳು ಅಕ್ಕನೇ. ನಮ್ಮ ಕಡೆ ಅರಿಷಿಣದ ಪದವನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬಳು ಒಂದು ಸಾಲು ಹೇಳಿ ನಿಲ್ಲುತ್ತಾಳೆ, ಎದುರು ಕುಳಿತವರು ಅದೇ ಸಾಲನ್ನು ಎತ್ತಿಕೊಳ್ಳುತ್ತಾರೆ. ಅವರು ಮುಗಿಸುವ ತನಕ ಮೊದಲಿನವಳು ಉಸಿರು ತೆಗೆದುಕೊಳ್ಳುತ್ತಾಳೆ, ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಾಳೆ, ಮದುಮಗಳನ್ನು ನೋಡಿ ನಗುತ್ತಾಳೆ. ಅಕ್ಕ ಹಾಡಲು ಕುಳಿತರೆ ಎದುರಿಗೆ ಕುಳಿತು ಎತ್ತಿಕೊಳ್ಳಲು ಹೆಂಗಸರು ನಾಮುಂದು ತಾಮುಂದು ಎಂದು ಬರುತ್ತಿದ್ದರು. ಹಳೆಯ ಪದಗಳ ನಡುವೆ ತನ್ನವೇ ಸಾಲುಗಳನ್ನು ಸೇರಿಸಿ ಬಿಡುತ್ತಿದ್ದಳು. ಬೀಗರ ಮೀಸೆ, ಬೀಗತಿಯ ಮೂಗುತಿ, ಯಾವುದನ್ನೂ ಬಿಟ್ಟವಳಲ್ಲ.

ಭಾವ ತೀರಿಕೊಂಡ ಮೇಲೆ ಅದು ನಿಂತಿತು. ಯಾರೂ ಬರಬೇಡ ಎನ್ನಲಿಲ್ಲ. ಕರೆಯಲಿಲ್ಲ, ಅಷ್ಟೆ. ನಮ್ಮದು ಶರಣರ ಹಾದಿಯ ಮನೆತನ, ನಮ್ಮಲ್ಲಿ ಮೇಲು ಕೀಳಿಲ್ಲ, ಮುತ್ತೈದೆ ರಂಡೆ ಎಂಬ ಭೇದವಿಲ್ಲ ಎಂದು ಪುರಾಣ ಹಚ್ಚಿದಾಗ ಎಲ್ಲರೂ ತಲೆ ಆಡಿಸುತ್ತಾರೆ. ಹಂದರ ಹಾಕಿದ ದಿನ ಮಾತ್ರ ಎಲ್ಲರಿಗೂ ಎಲ್ಲಾ ಭೇದವೂ ನೆನಪಾಗುತ್ತದೆ. ನನಗೆ ಮೈ ಉರಿಯುತ್ತಿತ್ತು. ಅಕ್ಕ ಮಾತ್ರ "ಇರ್ಲಿ ಬಿಡ, ಅಡಗಿ ಮನ್ಯಾಗ ಕೆಲಸ ಇರ್ತದಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದಳು. ನನಗೆ ಗೊತ್ತಿತ್ತು, ಒಳಗೆ ಕುಳಿತು ಅವಳು ಹೊರಗಿನವರ ಹಾಡಿನಲ್ಲಿ ತಪ್ಪು ಹುಡುಕುತ್ತಿದ್ದಳು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ನಾನು ರೆಕಾರ್ಡರ್ ಹಿಡಿದು ಭಂಕೂರಿಗೆ ಹೋದೆ. ಅರಿಷಿಣದ ಪದ ಹಾಡಿಕೊಡು ಎಂದೆ. ಅಕ್ಕ ಕಣ್ಣು ಬಿಟ್ಟಳು.

"ತಲಿ ಗಿಲಿ ಕೆಟ್ಟದೇನ ನಿಂದು? ಹಂದರಿಲ್ಲ, ಮದುಮಗಳಿಲ್ಲ. ಮ್ಯಾಲ ನಾ ಹಾಡೂದು ಅಂದ್ರ..." ಎಂದು ಬರಿಯ ಹಣೆ ಮುಟ್ಟಿ ತೋರಿಸಿದಳು.

"ರೇಡಿಯೋದಾಗ ಹಣಿ ಕಾಣಂಗಿಲ್ಲಬೇ" ಎಂದೆ ನಾನು.

ಅಕ್ಕ ನಕ್ಕಳು ನೋಡಿ, ಎಷ್ಟೋ ದಿನದ ಮೇಲೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಖರೇನ, ಖರೇನ. ಹಣಿ ಕಾಣಂಗಿಲ್ಲ, ಹರದ ಸೀರಿನೂ ಕಾಣಂಗಿಲ್ಲ. ಛಲೋ ಅದ ನಿನ್ನ ರೇಡಿಯೋ" ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು.

ಅವಳ ಮನೆಯಲ್ಲಿ ನೆಲಕ್ಕೂ ಹಾಸುಗಲ್ಲು, ಗೋಡೆಗೂ ಹಾಸುಗಲ್ಲು, ಮಾಳಿಗೆಗೂ ಹಾಸುಗಲ್ಲು. ಒಂದು ಮಾತಾಡಿದರೆ ಮೂರು ಸಲ ಕೇಳಿಸುತ್ತದೆ. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತಂದು ಗೋಡೆಗೆ ಇಳಿಬಿಟ್ಟೆವು, ಸಾಲದ್ದಕ್ಕೆ ಪಕ್ಕದ ಮನೆಯವೂ ಬಂದವು. ಗೂಡ್ಸ್ ಗಾಡಿ ಹೋಗುವ ತನಕ ಕಾಯ್ದೆವು. ಅಕ್ಕ ಗೋಡೆಗೆ ಬೆನ್ನು ಕೊಟ್ಟು ಕುಳಿತು ಮೊದಲ ಸಾಲು ಹೇಳಿದಳು. ನಾನು ಹುರುಪಿನಲ್ಲಿ ಎತ್ತಿಕೊಂಡೆ.

"ಏ ನೀ ಬಾಯಿ ಮುಚ್ಚ" ಎಂದಳು ಅಕ್ಕ. "ನಿನ್ನ ದನಿ ಕೇಳಿದ್ರ ಮದುಮಗ ಓಡಿ ಹೋಗ್ತಾನ. ಎತ್ತಕೊಳ್ಳೋರ ಜಾಗ ನಾ ಹಂಗೇ ಖಾಲಿ ಬಿಡ್ತೀನಿ. ಯಾರಿಗಿ ಬೇಕೋ ಅವರು ಮನ್ಯಾಗ ಕುಂತು ಎತ್ತಕೊಳ್ಳಲಿ."

ಹಾಗೆಯೇ ಹಾಡಿದಳು. ಒಂದು ಸಾಲು, ಒಂದು ಖಾಲಿ ಜಾಗ. ಆ ಖಾಲಿ ಜಾಗದಲ್ಲಿ ಅವಳ ತುಟಿ ಅಲುಗುತ್ತಿದ್ದವು, ಎದುರಿನವರ ಸಾಲನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಳು. ಕಣ್ಣು ಬಾಗಿಲ ಕಡೆಗೆ. ದೂರದಲ್ಲಿ ಕಲ್ಲು ಕೊಯ್ಯುವ ಮಶಿನ್ನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಹಾಡಿನ ನಡುವೆ ತನ್ನದೇ ಒಂದು ಹೊಸ ನುಡಿ ಸೇರಿಸಿದಳು:

ಹಾಲಿನ ಬಟ್ಟಲದಾಗ ಅರಿಷಿಣ ಕಲಿಸೇವ
ಮಗಳ ಕೆನ್ನಿಗಿ ಹಚ್ಚಾಕ ಕೈ ಸಾಲವಲ್ವ
ಕೈಗೊಂದು ಕೈ ಕೊಡಬರ್ರೆವ್ವ

ಮುಗಿದ ಮೇಲೆ ನಾನು ಅತ್ತೆ. ಅಕ್ಕ ಅಳಲಿಲ್ಲ, ಕೌದಿ ಮಡಿಚತೊಡಗಿದಳು.

ರೆಕಾರ್ಡರನ್ನು ಕಾಕಾನ ಕೈಗೆ ಕೊಟ್ಟು ನಾನು ಸೇಡಂ ಕಡೆಗೆ ಹೋದೆ, ಅಲ್ಲಿನ ಭಜನೆಯವರ ಕೆಲಸವಿತ್ತು. ಅಕ್ಕನ ಪದ ರೇಡಿಯೊದಲ್ಲಿ ಹೋದ ದಿನ ನಾನು ಸೇಡಂನಲ್ಲೇ ಇದ್ದೆ, ಕೇಳಲಾಗಲಿಲ್ಲ. ವಾಪಸ್ಸು ಬಂದರೆ ಎಲ್ಲರ ಬಾಯಲ್ಲೂ ಅದೇ ಮಾತು. ಎಂಥಾ ದನಿ, ಯಾರವರು, ಎಲ್ಲಿಯವರು. ಫೋನಿನಿಂದ ಫೋನಿಗೆ ಹಾರಿ ಚಿತ್ತಾಪುರ ದಾಟಿ ಹೋಗಿತ್ತು. ಅಕ್ಕನಿಗೆ ಕೇಳಿದೆಯಾ ಎಂದರೆ, "ನನ್ನ ದನಿ ನಾನ ಕೇಳಿದ್ರ ಗಾಳಿ ಹೊಕ್ಕಂಗ ಆಗ್ತದ, ರೇಡಿಯೋ ಬಂದ್ ಮಾಡಿ ಹೊಲಕ್ಕ ಹೋಗಿದ್ದೆ" ಎಂದಳು. ಜನ ಹೊಗಳುತ್ತಿದ್ದರು, ನಾನೂ ಸಂತೋಷದಿಂದ ಸುಮ್ಮನಾದೆ, ಮತ್ತೆ ಹಾಕಿ ಕೇಳಲು ಹೋಗಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳಿಗೆ ಸಂಬಂಧ ಕೂಡಿ ಬಂತು. ಹುಡುಗಿ ಶಹಾಬಾದಿನ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಹುಡುಗ ಚಿಂಚೋಳಿ ಕಡೆಯವನು, ಸಾಲಿ ಮಾಸ್ತರ. ಹುಡುಗನ ತಾಯಿ ಎತ್ತರದ ಗಟ್ಟಿ ಹೆಂಗಸು, ಮಾತಿನ ನಡುನಡುವೆ ತೆಲುಗು ಇಣುಕುತ್ತಿತ್ತು. ನಿಶ್ಚಯದ ದಿನ ಎಲೆ ಅಡಿಕೆ ಯಾವ ಕೈಯಿಂದ ಯಾವ ಕೈಗೆ ಹೋಗಬೇಕೆಂಬುದನ್ನೂ ಅವರೇ ನಿಂತು ಹೇಳಿದರು. ಹೊರಡುವಾಗ, "ಅರಿಷಿಣಕ್ಕ ಯಾರ್ಯಾರು ಕುಂದ್ರತಾರಮ್ಮಾ?" ಎಂದು ಕೇಳಿದರು. ಅಷ್ಟೇ ಸಾಕಾಯಿತು.

ಅವರು ಹೋದ ತಕ್ಷಣ ಅಕ್ಕನ ನೆಗೆಣ್ಣಿ, ಅಂದರೆ ಭಾವನ ತಮ್ಮನ ಹೆಂಡತಿ, ಐದು ಮಂದಿ ಮುತ್ತೈದೆಯರ ಹೆಸರು ಬೆರಳು ಮಡಚಿ ಹೇಳಿದಳು. ಅದರಲ್ಲಿ ನಾನೂ ಇದ್ದೆ. ಹೆತ್ತ ತಾಯಿ ಇರಲಿಲ್ಲ. ನಾನು ಬಾಯಿ ಬಿಟ್ಟೆ, ಜಗಳ ಶುರುವಾಯಿತು. "ನಂದೇನದ ಇದರಾಗ? ಬೀಗರು ಏನಂದಾರು!" ಎಂದಳು ನೆಗೆಣ್ಣಿ. ಬೀಗರು ಏನೂ ಅಂದಿರಲಿಲ್ಲ. ಏನಂದಾರು ಎಂಬ ಹೆದರಿಕೆಯಲ್ಲೇ ನಮ್ಮ ಅರ್ಧ ಶಾಸ್ತ್ರಗಳು ನಡೆಯುತ್ತವೆ.

ಮದುಮಗಳು ಅಡ್ಡ ನಿಂತಳು. "ಅವ್ವ ಕುಂದ್ರಲಿಲ್ಲ ಅಂದ್ರ ನಾನೂ ಕುಂದ್ರಂಗಿಲ್ಲ. ಅವ್ವ ಊರ ಮಂದಿ ಮಕ್ಕಳಿಗೆಲ್ಲಾ ಹಾಡ್ಯಾಳ, ನನಗ ಬ್ಯಾಡೇನು?" ಎಂದಳು. ಚಿಕ್ಕವಳಿದ್ದಾಗಿನಿಂದ ಅವಳಿಗೆ ಇದೊಂದೇ ಆಸೆ. ತಾಯಿಯ ತೊಡೆಯ ಮೇಲೆ ಕುಳಿತು ಬೇರೆಯವರ ಮದುವೆಯಲ್ಲಿ ಆ ಪದ ಕೇಳಿದವಳು, ತನ್ನ ಮದುವೆಗೆ ಯಾವ ನುಡಿ ಬೇಕೆಂದು ಆಗಲೇ ಆರಿಸಿಟ್ಟುಕೊಂಡಿದ್ದಳು.

ಅಕ್ಕ ಮಗಳ ಕೈ ಹಿಡಿದು ಕೂರಿಸಿಕೊಂಡಳು. "ನೋಡವ್ವಾ, ನನಗೇನು ಹಾಡೂ ಆಸೆ ಇಲ್ಲಂತಲ್ಲ. ಆದ್ರ ನಾಳಿ ನಿನ್ನ ಸಂಸಾರದಾಗ ಒಂದು ಗ್ಲಾಸ್ ಒಡದ್ರೂ ನನ್ನ ಹೆಸರು ಬರ್ತದ. ನನಗ ಅದರದ ಹೆದರಿಕಿ. ನಾ ಒಳಗ ಹೋಳಗಿ ನೋಡಕೋತೀನಿ, ನೀ ನಕ್ಕೋತ ಕುಂದ್ರು" ಎಂದಳು. ಮಗಳು ಅತ್ತಳು. ಮಾರನೆಯ ದಿನ ಕಣ್ಣೊರೆಸಿಕೊಂಡು ನನಗೆ ಫೋನ್ ಮಾಡಿದಳು.

"ಚಿಗವ್ವಾ, ಅವ್ವ ಬರದಿದ್ರ ಅವ್ವನ ದನಿ ಬರಲಿ. ರೇಡಿಯೋದ ಪದ ಹಚ್ಚೋಣು, ಡ್ಯೂಟಿ ಇತ್ತಂತ ನಾನೂ ಇನ್ನೂ ಕೇಳಿಲ್ಲ. ಅದಕ್ಕ ಯಾರೂ ಏನೂ ಅನ್ನಂಗಿಲ್ಲಲ್ಲ?"

ಎಂಥಾ ಜಾಣ ಹುಡುಗಿ ಎಂದು ನನಗೆ ಎದೆ ಉಬ್ಬಿತು. ನೆಗೆಣ್ಣಿಯೂ ಒಪ್ಪಿದಳು, ಅಕ್ಕನೂ ಹೂಂ ಎಂದಳು. ಸ್ಪೀಕರ್ ಜವಾಬ್ದಾರಿ ಕಾಕಾ ವಹಿಸಿಕೊಂಡರು. ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು, ಆದರೆ ನಡುನಡುವೆ ಏನೋ ಚುಚ್ಚುತ್ತಿತ್ತು. ಸ್ಪೀಕರಿಗೆ ಹಂದರದಲ್ಲಿ ಜಾಗವಿತ್ತು, ಅಕ್ಕನಿಗೆ ಇರಲಿಲ್ಲ.

ಅರಿಷಿಣದ ದಿನ ಬೆಳಿಗ್ಗೆ ಹುಡುಗನ ಕಡೆಯವರು, ಮದುಮಗನಿಗೆ ಹಚ್ಚಿ ಮಿಕ್ಕ ಅರಿಷಿಣವನ್ನು ಬೆಳ್ಳಿಯ ಬಟ್ಟಲಲ್ಲಿ ತಂದರು. ಮುಂದೆ ಬೀಗತಿ, ಹಿಂದೆ ಅವರ ಕಡೆಯ ಹೆಂಗಸರು. ಅಂಗಳದಲ್ಲಿ ಹಂದರ, ಮಾವಿನ ತೊಪ್ಪಲು, ನಡುವೆ ಮಣೆಯ ಮೇಲೆ ನಮ್ಮ ಹುಡುಗಿ. ಒಂದು ಕಡೆ ನಾವು ಐವರು, ಎದುರಿಗೆ ಬೀಗತಿಯವರ ಗುಂಪು. ನನ್ನ ಚೀಲದಲ್ಲಿ ರೆಕಾರ್ಡರ್ ಕೂಡ ಚಾಲೂ ಇತ್ತು, ಅದು ನನ್ನ ಅಭ್ಯಾಸ. ಕಾಕಾ ಹೊಸ ಅಂಗಿ ತೊಟ್ಟು ಸ್ಪೀಕರಿನ ಪಕ್ಕದಲ್ಲಿ ತಾವೇ ಮದುಮಗನ ಹಾಗೆ ನಿಂತಿದ್ದರು. ಹಿತ್ತಲಲ್ಲಿ ಅಕ್ಕ ಹೋಳಿಗೆಗೆ ಹೂರಣ ತುಂಬುತ್ತಿದ್ದಳು. ನಾನು ಕಣ್ಣು ಸನ್ನೆ ಮಾಡಿದೆ, ಕಾಕಾ ಗುಂಡಿ ಒತ್ತಿದರು.

ಅಕ್ಕನ ದನಿ ಹಂದರ ತುಂಬ ಹರಡಿತು. ಹುಡುಗಿಯ ಕಣ್ಣು ತುಂಬಿ ಬಂದವು. ಮೊದಲ ಸಾಲು ಮುಗಿಯಿತು, ನಾವು ಎತ್ತಿಕೊಳ್ಳಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿ ಎರಡನೆಯ ಸಾಲು ಬಂದೇಬಿಟ್ಟಿತು. ಬಾಯಿ ಮುಚ್ಚಿಕೊಂಡು ಎರಡನೆಯದನ್ನು ಹಿಡಿಯೋಣ ಎನ್ನುವಷ್ಟರಲ್ಲಿ ಮೂರನೆಯದು. ನಮ್ಮಲ್ಲಿ ಇಬ್ಬರು ಮೊದಲ ಸಾಲಿನಲ್ಲಿ, ಒಬ್ಬಳು ಮೂರನೆಯದರಲ್ಲಿ, ನೆಗೆಣ್ಣಿ ಯಾವುದರಲ್ಲೂ ಇಲ್ಲದೆ ಬರೀ "ಆ... ಆ..." ಎನ್ನುತ್ತಿದ್ದಳು. ಹಾಡು ನಮ್ಮನ್ನು ಬಿಟ್ಟು ಮುಂದೆ ಮುಂದೆ ಓಡುತ್ತಿತ್ತು.

"ಏಮಮ್ಮಾ ಇದು, ಎಕ್ಸ್‌ಪ್ರೆಸ್ ಗಾಡಿ ಹೊಂಟಂಗ ಹೊಂಟದ! ನಿಮ್ಮ ವಾಡಿ ಕಡಿ ಹಿಂಗೇ ಹಾಡ್ತಾರೇನು?" ಎಂದು ಬೀಗತಿ ಕೇಳಿದರು. ಅವರ ಕಡೆಯವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹುಡುಗಿಯ ಮುಖ ಬಾಡಿತು. ಆ ಒಂದು ಪದಕ್ಕಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ, ಅದು ಎಲ್ಲರ ನಗೆಯಲ್ಲಿ ಮುಗಿದುಹೋಗುವುದರಲ್ಲಿತ್ತು.

ನಾನು ಕಾಕಾನ ಕಡೆ ತಿರುಗಿದೆ. "ಕಾಕಾ, ನಡುವಿನ ಖಾಲಿ ಜಾಗ ಎಲ್ಲಿ ಹೋದ್ವು?"

ಕಾಕಾ ಬೆವರುತ್ತಿದ್ದರು. "ಖಾಲಿ ಇದ್ವಲ್ರಿ, ಅದಕ್ಕ ತೆಗದೆ. ಸಾಲಿಗೊಮ್ಮೆ ಸದ್ದು ಬಂದ್ ಆಗ್ತಿತ್ತು. ಮಶಿನ್ ಏನೋ ಕೆಟ್ಟದ ಅಂತ ತಿಳದೆ. ಭಾಳ ಹೊತ್ತು ಕುಂತು ಒಂದೂ ಉಳಿಸದಂಗ ತೆಗದೀನ್ರಿ" ಎಂದರು. ಇಷ್ಟು ನಿಷ್ಠೆಯಿಂದ ಕೆಲಸ ಕೆಡಿಸಿದವರನ್ನು ನಾನು ನೋಡಿಲ್ಲ. ಬೈಯಬೇಕೆಂದರೆ ಬಾಯೇ ಬರಲಿಲ್ಲ.

ಬಾಯಿ ಬಂದದ್ದು ಹಿತ್ತಲ ಬಾಗಿಲಿನಿಂದ.

"ಯಾರದು ನನ್ನ ಪದದ ಉಸರ ಕಟ್ಟಿದವರು! ಬಂದ್ ಮಾಡ್ರಿ ಅದನ್ನ ಮೊದಲ!"

ಅಕ್ಕ. ಸೆರಗು ಸೊಂಟಕ್ಕೆ, ಮೊಣಕೈತನಕ ಹೂರಣ, ಮುಖ ಒಲೆಯ ಶಾಖಕ್ಕೆ ಕೆಂಪಗೆ. ದಾಪುಗಾಲಿಟ್ಟು ನಡುಮನೆ ದಾಟಿ ಹೊಸ್ತಿಲು ದಾಟಿ ಹಂದರಕ್ಕೇ ಬಂದು ನಿಂತಳು. ಕಾಕಾ ಗಾಬರಿಯಲ್ಲಿ ಸ್ಪೀಕರಿನ ವಯರನ್ನೇ ಕಿತ್ತರು.

"ಹಿಂಗೇನು ಹಾಡೂದು? ಎದುರಿಗಿ ಕುಂತವರಿಗಿ ಜಾಗ ಬ್ಯಾಡೇನು? ನಾ ಒಬ್ಬಾಕಿನ ಹಾಡಿಕೋತ ಹೋಗಾಕ ನನಗೇನು ಹುಚ್ಚ ಹಿಡದದ? ಕೇಳ್ರಿ ಇಲ್ಲಿ, ಹಿಂಗ" ಎಂದವಳೇ ಕಣ್ಣು ಮುಚ್ಚಿ ತನ್ನ ಹೊಸ ನುಡಿಯ ಮೊದಲ ಸಾಲು ಎತ್ತಿದಳು. ಹಾಲಿನ ಬಟ್ಟಲದಾಗ ಅರಿಷಿಣ ಕಲಿಸೇವ. ಆಹಾ, ಏನು ದನಿ! ಯಂತ್ರದಲ್ಲಿ ಬಂದದ್ದು ಅದರ ಕಾಲುಭಾಗವೂ ಅಲ್ಲ. ಸಾಲು ಮುಗಿಸಿ, ಅಭ್ಯಾಸದಂತೆ ನಿಂತಳು. ಎತ್ತಿಕೊಳ್ಳುವವರಿಗೆ ಜಾಗ ಬಿಟ್ಟಳು.

ಯಾರೂ ಎತ್ತಿಕೊಳ್ಳಲಿಲ್ಲ.

ಅಕ್ಕ ಕಣ್ಣು ತೆರೆದಳು. ತಾನು ಎಲ್ಲಿ ನಿಂತಿದ್ದೇನೆಂದು ಅವಳಿಗೆ ಆಗ ಗೊತ್ತಾಯಿತು. ಎದುರಿಗೆ ಮಣೆ, ಮಣೆಯ ಮೇಲೆ ಮಗಳು, ಸುತ್ತ ಕುಂಕುಮದ ಹಣೆಗಳು. ಸಿಟ್ಟೆಲ್ಲ ಇಳಿದು ಮುಖ ಬೆಳ್ಳಗಾಯಿತು. ನೆಗೆಣ್ಣಿ ಬೀಗತಿಯ ಮುಖ ನೋಡುತ್ತಿದ್ದಳು, ಉಳಿದವರು ನೆಗೆಣ್ಣಿಯ ಮುಖ. ನಾನು ಎತ್ತಿಕೊಳ್ಳಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನನ್ನ ಕಣ್ಣೂ ಬೀಗತಿಯ ಮುಖದ ಕಡೆಗೇ ಹೋಯಿತು. ಹುಡುಗಿ ತಾಯಿಯನ್ನೇ ನೋಡುತ್ತಿದ್ದಳು, ತನ್ನ ಪದವನ್ನು ಮದುಮಗಳು ತಾನೇ ಎತ್ತಿಕೊಳ್ಳುವ ಹಾಗಿಲ್ಲ. ಸದ್ದಿಲ್ಲದ ಜಾಗದಲ್ಲಿ ನಿಲ್ಲಲಾರದ ಕಾಕಾ ವಯರು ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. ಅಕ್ಕ ಒಂದು ಹೆಜ್ಜೆ ಹಿಂದೆ ಇಟ್ಟಳು.

ಆಗ ಎದುರಿನಿಂದ ಒಂದು ದನಿ ಬಂತು. ಒರಟು ದನಿ, ಗಂಡಸರ ದನಿಯಷ್ಟು ದಪ್ಪ. ನಮ್ಮ ಧಾಟಿ ಅಲ್ಲ, ಚಿಂಚೋಳಿ ಕಡೆಯ ಧಾಟಿ, ಕೊನೆಯಲ್ಲಿ ಒಂದು ಎಳೆತ ಹೆಚ್ಚು. ಹಾಲಿನ ಬಟ್ಟಲದಾಗ ಅರಿಷಿಣ ಕಲಿಸೇವ. ಬೀಗತಿ ಹಾಡುತ್ತಿದ್ದರು, ನೆಟ್ಟಗೆ ಅಕ್ಕನನ್ನೇ ನೋಡುತ್ತಾ. ಅವರು ಸಾಲು ಮುಗಿಸುವ ಮುಂಚೆ ಅವರ ಕಡೆಯವರೆಲ್ಲ ಕೂಡಿಕೊಂಡರು.

ಮುಗಿಸಿ, ಅಕ್ಕ ಇನ್ನೂ ಸುಮ್ಮನೆ ನಿಂತದ್ದನ್ನು ಕಂಡು ಬೀಗತಿ ಹುಬ್ಬು ಹಾರಿಸಿದರು. "ಮುಂದಿನ ಸಾಲು ಹೇಳ್ರಿ ಬೀಗ್ತಿ. ಎಷ್ಟೊತ್ತು ಕಾಯೋಣು?"

ನೆಗೆಣ್ಣಿ ಮೆಲ್ಲಗೆ ಏನೋ ಹೇಳಹೋದಳು, "ಅಲ್ರಿ ಬೀಗ್ತಿಯವ್ರ, ಶಾಸ್ತ್ರ..." ಎಂದು.

"ಶಾಸ್ತ್ರ ನನಗ ಹೇಳಾಕ ಬರಬ್ಯಾಡಮ್ಮಾ" ಎಂದರು ಬೀಗತಿ. "ಅರಿಷಿಣದ ಮುಂದ ಒಬ್ಬರು ಪದ ಹೇಳಿ ನಿಂತ್ರ ಎದುರಿನವರು ಎತ್ತಕೋಬೇಕು. ಅದೂ ಶಾಸ್ತ್ರನೇ. ನೀವು ಐದು ಮಂದಿ ಬಾಯಾಗ ಏನು ಕಡಬು ಇಟ್ಟಕೊಂಡು ಕುಂತೀರೇನು?"

ಅಕ್ಕ ಎರಡನೆಯ ಸಾಲು ಹೇಳಿದಳು. ಮಗಳ ಕೆನ್ನಿಗಿ ಹಚ್ಚಾಕ ಕೈ ಸಾಲವಲ್ವ. ಈ ಸಲ ನಾವೂ ಎತ್ತಿಕೊಂಡೆವು, ಅತ್ತುಕೊಂಡೇ, ಎರಡು ಧಾಟಿ ಒಂದಕ್ಕೊಂದು ಹೊಂದದೆ. ಮೂರನೆಯ ಸಾಲಿಗೆ ಬೀಗತಿ ಕೈ ಮಾಡಿ ನಿಲ್ಲಿಸಿದರು.

"ಕೈ ಸಾಲವಲ್ವು ಅಂತ ನೀವೇ ಹಾಡಾಕತ್ತೀರಿ. ದೂರ ನಿಂತ್ರ ಹೆಂಗ್ರಿ? ಬರ್ರಿ, ಕೈ ತೊಳಕೊಂಡು ಬರ್ರಿ" ಎಂದರು. ಆಮೇಲೆ ಅಕ್ಕನ ಕೈ ನೋಡಿ ಅವರಿಗೇ ನಗು ಬಂತು. ಬೆರಳಿನಿಂದ ಮೊಣಕೈತನಕ ಕಡಲೆಬೇಳೆಯ ಹೂರಣ, ಅರಿಷಿಣಕ್ಕಿಂತ ಹಳದಿ. "ಇರ್ಲಿ, ಮೊದಲೇ ಹಳದಿ ಅದಾವ" ಎಂದರು.

ಅಕ್ಕ ಕೈ ತೊಳೆದುಕೊಂಡು ಬಂದಳು. ಸೆರಗಿಗೆ ಒರೆಸಿಕೊಳ್ಳುತ್ತಾ ಮಗಳ ಮುಂದೆ ಕುಳಿತು, ಬಟ್ಟಲಿಗೆ ಬೆರಳು ಅದ್ದಿ ಕೆನ್ನೆಗೆ ಹಚ್ಚಿದಳು. ಹುಡುಗಿ ತಾಯಿಯ ಕೈಯನ್ನು ಅಲ್ಲೇ ಹಿಡಿದುಕೊಂಡು ಬಿಡಲೇ ಇಲ್ಲ. ಆ ದಿನ ಪದಗಳು ಮುಗಿಯುವ ಹೊತ್ತಿಗೆ ಹೋಳಿಗೆ ಒಂದಿಷ್ಟು ಸೀದಿದ್ದವು. ಬೀಗರು ಅವನ್ನೂ ಬಿಡದೆ ಉಂಡರು. ಅಕ್ಕ ಬೀಗತಿಯ ಮೂಗುತಿಯ ಮೇಲೂ ಒಂದು ನುಡಿ ಕಟ್ಟಿದಳು. ಆ ಹೆಂಗಸು ಅದನ್ನೂ ಎತ್ತಿಕೊಂಡು ಹಾಡಿದರು.

ಮದುವೆಯ ಸಡಗರ ಇಳಿದ ಮೇಲೆ ನನ್ನ ಚೀಲದ ರೆಕಾರ್ಡರ್ ತೆಗೆದು ಕಾಕಾನ ಮುಂದಿಟ್ಟೆ. ಎಲ್ಲವೂ ಅದರಲ್ಲಿತ್ತು: ಓಡುವ ಹಾಡು, ನಗೆ, ಅಕ್ಕನ ಬೈಗುಳ, ಮೊದಲ ಸಾಲು. ಅದಾದ ಮೇಲೆ ಆ ಖಾಲಿ ಜಾಗ. ಕಂಪ್ಯೂಟರಿನ ಪರದೆಯ ಮೇಲೆ ಅದು ಚಪ್ಪಟೆ ಗೆರೆಯಾಗಿ ಉದ್ದಕ್ಕೆ ಮಲಗಿತ್ತು. ಕಾಕಾನ ಕೈ ತಾನಾಗಿಯೇ ಮೌಸಿನ ಕಡೆ ಹೋಯಿತು. ಅವರೇ ಕೈ ಹಿಂದಕ್ಕೆ ತೆಗೆದು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತರು.

"ಇದನ್ನ ಹಂಗೇ ಬಿಡೂದ್ರಿ" ಎಂದರು. "ಇಲ್ಲಿ ಏನೂ ಕೆಟ್ಟಿಲ್ಲ."

ಆ ಪದ ರೇಡಿಯೊದಲ್ಲಿ ಹೋದ ಸಂಜೆ ನಾನು ಬೇಕೆಂದೇ ಭಂಕೂರಿಗೆ ಹೋಗಿದ್ದೆ. ಅಕ್ಕ ಹೊಲಕ್ಕೆ ಹೋಗುವ ನೆವ ಹೇಳಿದಳು, ನಾನು ಬಿಡಲಿಲ್ಲ, ಕಟ್ಟೆಯ ಮೇಲೆ ಎಳೆದು ಕೂರಿಸಿದೆ. ಓಣಿಯಲ್ಲಿ ಎಷ್ಟೋ ಮನೆಗಳಲ್ಲಿ ರೇಡಿಯೊ ಹಚ್ಚಿದ್ದರು. ಅಕ್ಕನ ಸಾಲು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಕೇಳಿಸಿತು. ಹಾಲಿನ ಬಟ್ಟಲದಾಗ ಅರಿಷಿಣ ಕಲಿಸೇವ. ಆಮೇಲೆ ಸದ್ದು ನಿಂತಿತು. ಮುಂದೆ ಏನಾಯಿತೆಂದು ಗೊತ್ತಿದ್ದೂ ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು.

ಬೀಗತಿಯ ದನಿ ಬರಲು ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಎದುರು ಮನೆಯ ಒಳಗಿನಿಂದ, ರೊಟ್ಟಿ ಬಡಿಯುವ ಸದ್ದಿನ ನಡುವೆ, ಒಬ್ಬಳು ಆ ಸಾಲನ್ನು ಎತ್ತಿಕೊಂಡಳು. ಅದರ ಹಿಂದೆ ಪಕ್ಕದ ಮನೆಯಲ್ಲಿ ಇನ್ನೊಬ್ಬಳು. ಆಚೆ ತಿರುವಿನ ಮನೆಯಿಂದಲೂ ಯಾರೋ. ನೆಗೆಣ್ಣಿಯ ಮನೆಯಿಂದಲೂ ಒಂದು ದನಿ ಬಂತು, ಅವಳದೇ.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೆಗೆಣ್ಣಿಯ ಮನೆಯ ಕಡೆ ಕಿವಿಗೊಟ್ಟಳು.

"ನನ್ನ ನೆಗೆಣ್ಣಿ ಇನ್ನೂ ತಡಾ ಮಾಡಿ ಎತ್ತಕೋತಾಳ" ಎಂದಳು. "ನಾಳಿ ಹೋಗಿ ಹೇಳಿಕೊಡ್ತೀನಿ."